ಮುಂಬಯಿಯಲ್ಲಿ ಮದ್ಯಪಾನ ಜಾಗೃತಿ ತರಗತಿ: ಯಾರಿಗೆ ಯಾವುದು ಹೊಂದುತ್ತದೆ?

ಕನ್ನಡ ಸಂಘದ ಆರೋಗ್ಯ ಸಮಿತಿಯಲ್ಲಿ ಕೆಲಸ ಮಾಡುವವರನ್ನು ಒಂದು ಪ್ರಶ್ನೆ ತಪ್ಪದೆ ಹುಡುಕಿಕೊಂಡು ಬರುತ್ತದೆ. ಅದು ಬರುವುದು ಕಾರ್ಯಕ್ರಮ ಮುಗಿದು ಕುರ್ಚಿ ಮಡಚುವ ಹೊತ್ತಿಗೆ, ತಗ್ಗಿದ ದನಿಯಲ್ಲಿ: "ಕುಡಿತದ ಬಗ್ಗೆ ತಿಳಿಹೇಳುವ ಒಳ್ಳೆಯ ಕ್ಲಾಸು ಎಲ್ಲಾದರೂ ಇದೆಯೇ?" ಕೇಳುವವರು ಒಮ್ಮೆ ಡೊಂಬಿವಲಿಯ ಅತ್ತಿಗೆ, ಒಮ್ಮೆ ಅಡುಗೆ ಭಟ್ಟರ ಕೈ ಬೆಳಗ್ಗೆ ನಡುಗುವುದನ್ನು ಗಮನಿಸಿದ ಹೋಟೆಲ್ ಮಾಲಕರು, ಇನ್ನೊಮ್ಮೆ ಕುಡಿದು ಗಾಡಿ ಓಡಿಸಿ ಪೊಲೀಸರ ನಾಕಾಬಂದಿಯಲ್ಲಿ ಸಿಕ್ಕಿಬಿದ್ದ ಹುಡುಗನ ತಂದೆ. ಮೂವರಿಗೂ ಒಂದೇ ವಿಳಾಸ ಕೊಟ್ಟು ಕಳುಹಿಸಿದರೆ ಇಬ್ಬರಿಗಾದರೂ ಅನ್ಯಾಯವಾಗುತ್ತದೆ. ಹಾಗಾಗಿ ಯಾವ ತರಗತಿ ಒಳ್ಳೆಯದು ಎನ್ನುವ ಮೊದಲು ನಾನು ಕೇಳುವುದು ಎರಡೇ: ಕುಡಿತ ಎಲ್ಲಿಯವರೆಗೆ ಬಂದಿದೆ, ಮತ್ತು ತರಗತಿ ಮುಗಿದ ಮರುವಾರ ಆ ಮನುಷ್ಯನನ್ನು ವಿಚಾರಿಸುವವರು ಯಾರು?

ಸರ್ಟಿಫಿಕೇಟಿಗಾಗಿ ಹುಡುಕುವವರಿಗೆ

ಹುಡುಗನ ತಂದೆಯ ಪ್ರಕರಣ ಬೇಗ ಮುಗಿಯುತ್ತದೆ, ಅದನ್ನೇ ಮೊದಲು ನೋಡೋಣ. ಮೊಬೈಲಿನಲ್ಲಿ ಹುಡುಕಿದರೆ ಮೊದಲು ಎದುರಾಗುವುದು ಅಮೆರಿಕದ ಆನ್‌ಲೈನ್ ಕೋರ್ಸುಗಳು. ಅಲ್ಲಿ ಕುಡಿದು ವಾಹನ ಓಡಿಸಿದವರಿಗೆ, ವಯಸ್ಸು ತುಂಬುವ ಮೊದಲೇ ಮದ್ಯದೊಂದಿಗೆ ಸಿಕ್ಕಿಬಿದ್ದವರಿಗೆ ಇಂತಿಷ್ಟು ಗಂಟೆಯ ತರಗತಿ ಮುಗಿಸಿ ಬರುವಂತೆ ನ್ಯಾಯಾಲಯವೇ ಹೇಳುವುದುಂಟು. ಆದ್ದರಿಂದ ನಾಲ್ಕು ಗಂಟೆಯದು, ಎಂಟು ಗಂಟೆಯದು, ಹನ್ನೆರಡು ಗಂಟೆಯದು ಎಂದು ಗಂಟೆಯ ಲೆಕ್ಕದಲ್ಲಿ ಅವು ಮಾರಾಟವಾಗುತ್ತವೆ. ಮಗ ನ್ಯೂಜೆರ್ಸಿಯಲ್ಲಿ ಸಿಕ್ಕಿಬಿದ್ದಿದ್ದರೆ ಅಲ್ಲಿಯ ಕೋರ್ಟು ಯಾವುದನ್ನು ಒಪ್ಪುತ್ತದೆ ಎಂದು ವಕೀಲರನ್ನು ಕೇಳಿ ಸೇರಿಸಬಹುದು. ಅಂಧೇರಿಯಲ್ಲಿ ಸಿಕ್ಕಿಬಿದ್ದವನಿಗೆ ಆ ಕಾಗದದಿಂದ ಏನೂ ಆಗದು.

ನಮ್ಮಲ್ಲಿ ಇದಕ್ಕಿರುವುದು 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಂ. ನೂರು ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿದ್ದರೆ ಅಪರಾಧ. 2019ರ ತಿದ್ದುಪಡಿಯ ಬಳಿಕ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ ಹತ್ತು ಸಾವಿರ ರೂಪಾಯಿ ದಂಡ ಅಥವಾ ಎರಡೂ; ಮರುಕಳಿಸಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಹದಿನೈದು ಸಾವಿರ ದಂಡ ಅಥವಾ ಎರಡೂ. ಕ್ಲಾಸಿಗೆ ಹೋಗಿ ಬಂದರೆ ದಂಡ ಮಾಫಿ ಎಂಬ ಮಾತು ಆ ಕಲಮಿನಲ್ಲಿ ಎಲ್ಲೂ ಇಲ್ಲ. ಲೈಸೆನ್ಸು ಅಮಾನತಾದವರು ಪುನರ್ ತರಬೇತಿ ಪಡೆಯಬೇಕೆಂಬ ನಿಯಮವನ್ನು ಅದೇ ತಿದ್ದುಪಡಿ ತಂದಿದೆ, ನಿಜ. ಆದರೆ ಅದು ಚಾಲನೆಯ ತರಬೇತಿ. ಕುಡಿತದ ಸಮಾಲೋಚನೆಗೂ ಅದಕ್ಕೂ ಸಂಬಂಧವಿಲ್ಲ. "ಕೋರ್ಟಿನಲ್ಲಿ ನಡೆಯುವ ಸರ್ಟಿಫಿಕೇಟು" ಎಂದು ಯಾರಾದರೂ ದುಡ್ಡು ಕೇಳಿದರೆ, ಯಾವ ಕೋರ್ಟಿನ ಯಾವ ಆದೇಶದಂತೆ ಎಂದು ಮರುಪ್ರಶ್ನೆ ಹಾಕಿ. ಅಲ್ಲಿಗೆ ಮಾತು ನಿಲ್ಲುತ್ತದೆ.

ಮೊದಲು ಅಳೆಯಿರಿ

ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯೊಂದಿದೆ. ಎಷ್ಟು ಸಲ ಕುಡಿಯುತ್ತೀರಿ, ಒಮ್ಮೆ ಕೂತರೆ ಎಷ್ಟು, ಬೆಳಗ್ಗೆ ಎದ್ದೊಡನೆ ಬೇಕೆನಿಸುತ್ತದೆಯೇ, ರಾತ್ರಿ ನಡೆದದ್ದು ನೆನಪಿಗೆ ಬಾರದೆ ಹೋಗಿದೆಯೇ, ಮನೆಯವರೋ ವೈದ್ಯರೋ ಕಡಿಮೆ ಮಾಡಲು ಹೇಳಿದ್ದಾರೆಯೇ ಎಂಬಂಥವು. ಒಟ್ಟು ಅಂಕ 40. ಎಂಟು ಮುಟ್ಟಿದರೆ ಕುಡಿತ ಅಪಾಯದ ಕಡೆಗೆ ಹೊರಳಿದೆ ಎಂದು ಅರ್ಥ. ಹದಿನಾರರಿಂದ ಹತ್ತೊಂಬತ್ತರವರೆಗೆ ಇದ್ದರೆ ಬರಿಯ ತಿಳಿವಳಿಕೆ ಸಾಲದು, ಸಮಾಲೋಚನೆ ಬೇಕು. ಇಪ್ಪತ್ತು ಮುಟ್ಟಿದರೆ ವೈದ್ಯರೇ ನೋಡಬೇಕು. ಹತ್ತು ನಿಮಿಷದ ಕೆಲಸ, ಖರ್ಚಿಲ್ಲ. ಮೊದಲ ದಿನವೇ ಈ ಪಟ್ಟಿಯನ್ನೋ ಇಂಥದ್ದೇ ಇನ್ನೊಂದನ್ನೋ ಮುಂದಿಡದೆ ಎಲ್ಲರನ್ನೂ ಒಂದೇ ಬೆಂಚಿನಲ್ಲಿ ಕೂರಿಸುವ ತರಗತಿ ನನ್ನ ಪಟ್ಟಿಯಲ್ಲಿ ಕೆಳಗೆ ಇಳಿಯುತ್ತದೆ.

ಅಂಕ ಸರಿಯಾಗಿ ಬರಬೇಕಾದರೆ ಪ್ರಮಾಣದ ಲೆಕ್ಕ ಸರಿಯಿರಬೇಕು. ನಮ್ಮವರು ಎಡವುವುದು ಇಲ್ಲೇ. "ನಾನು ಬರೀ ಬಿಯರು, ವಿಸ್ಕಿ ಮುಟ್ಟುವುದಿಲ್ಲ" ಎಂಬುದು ಮುಂಬಯಿಯ ಪರ್ಮಿಟ್ ರೂಮುಗಳಲ್ಲಿ, ಅಂದರೆ ಬಾರುಗಳಲ್ಲಿ, ದಿನವೂ ಕೇಳುವ ಮಾತು. ಲೆಕ್ಕ ಹೀಗಿದೆ. ಶೇಕಡಾ 42.8ರ ವಿಸ್ಕಿ ಅಥವಾ ರಮ್ಮಿನ 30 ಮಿಲಿಯ ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಶೇಕಡಾ 8ರ ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯಲ್ಲಿ 41 ಗ್ರಾಂ. ಅಂದರೆ ಒಂದು ಬಾಟಲಿ ಬಿಯರು ನಾಲ್ಕು ಪೆಗ್ಗಿಗೆ ಸಮ. ಶೇಕಡಾ 5ರ ಸಾಧಾರಣ ಬಿಯರಾದರೂ ಎರಡೂವರೆ ಪೆಗ್ಗಾಯಿತು. 180 ಮಿಲಿಯ ಕ್ವಾರ್ಟರ್ ಎಂದರೆ ಆರು. ಯಕೃತ್ತು ಗಂಟೆಗೆ ಅಂದಾಜು ಒಂದು ಪೆಗ್ಗಿನಷ್ಟನ್ನು ಮಾತ್ರ ಕರಗಿಸಬಲ್ಲದು. ಕಾಫಿ, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಅದನ್ನು ಅವಸರಪಡಿಸಲಾರದು. ರಾತ್ರಿ ಒಂದು ಗಂಟೆಗೆ ಎರಡು ಬಾಟಲಿ ಸ್ಟ್ರಾಂಗ್ ಮುಗಿಸಿದವನು ಬೆಳಗ್ಗೆ ಎಂಟಕ್ಕೆ ಬೈಕು ಹತ್ತುವಾಗ ಅವನ ರಕ್ತದಲ್ಲಿ ಇನ್ನೂ ಮದ್ಯಸಾರ ಉಳಿದಿರಬಹುದು.

ಒಳ್ಳೆಯ ತರಬೇತುದಾರರು ಇದನ್ನು ಪರದೆಯ ಮೇಲೆ ತೋರಿಸುವುದಿಲ್ಲ. ಮೇಜಿನ ಮೇಲೆ ಬಿಯರಿನ ಖಾಲಿ ಬಾಟಲಿ ಮತ್ತು 30 ಮಿಲಿಯ ಅಳತೆ ಲೋಟ ಇಟ್ಟು, ಒಂದು ಜಗ್ಗು ನೀರು ಕೊಟ್ಟು, "ನೀವು ಮನೆಯಲ್ಲಿ ಒಂದು ಪೆಗ್ ಹಾಕಿಕೊಳ್ಳುವುದು ಹೇಗೆ, ಈ ಗ್ಲಾಸಿಗೆ ಸುರಿದು ತೋರಿಸಿ" ಎನ್ನುತ್ತಾರೆ. ಸುರಿದವನು ನಗುತ್ತ ಸುರಿಯುತ್ತಾನೆ. ಅದನ್ನು ಅಳತೆ ಲೋಟಕ್ಕೆ ತಿರುಗಿ ಬಗ್ಗಿಸಿದಾಗ ಲೋಟ ತುಂಬಿ, ಮತ್ತೆ ತುಂಬಿ, ಗ್ಲಾಸಿನಲ್ಲಿ ಇನ್ನೂ ಉಳಿದಿರುತ್ತದೆ. ಆಮೇಲೆ ಕೋಣೆಯಲ್ಲಿ ಯಾರೂ ನಗುವುದಿಲ್ಲ.

ಸಭಾಗೃಹದ ಉಪನ್ಯಾಸ

ಮುಂಬಯಿ ಕನ್ನಡಿಗರಿಗೆ ಅತಿ ಹತ್ತಿರದಲ್ಲಿ ಸಿಗುವುದು ಇದು. ಭಾನುವಾರ ಬೆಳಗ್ಗೆ ಜಾತಿ ಸಂಘದ ಭವನದಲ್ಲೋ ಕನ್ನಡ ಸಂಘದ ಸಭಾಗೃಹದಲ್ಲೋ ಒಬ್ಬರು ಡಾಕ್ಟರು, ಒಬ್ಬರು ಪೊಲೀಸ್ ಅಧಿಕಾರಿ, ಹಾಳಾದ ಯಕೃತ್ತಿನ ಚಿತ್ರಗಳು, ಕೊನೆಗೆ ಎಲ್ಲರೂ ಎದ್ದು ನಿಂತು ಪ್ರತಿಜ್ಞೆ, ಆಮೇಲೆ ಊಟ. ಪ್ರಾಯೋಜಕರ ಪಟ್ಟಿಯಲ್ಲಿ ಎರಡು ಮೂರು ಬಾರ್ ಮಾಲಕರ ಹೆಸರೂ ಇರುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಆ ಹಣ ಬೇರೆಲ್ಲಿಗೋ ಹೋಗುವುದಕ್ಕಿಂತ ಇಲ್ಲಿಗೆ ಬರಲಿ.

ಕಾಲೇಜು ಮಕ್ಕಳಿಗೆ, ಇನ್ನೂ ಅಂಟಿಸಿಕೊಳ್ಳದವರಿಗೆ, ಅವರ ತಾಯಿತಂದೆಯರಿಗೆ ಇಂಥ ಉಪನ್ಯಾಸ ಸಾಕಾಗುತ್ತದೆ. ಮದ್ಯ ಕ್ಯಾನ್ಸರಿಗೆ ಕಾರಣವೆಂದು 1988ರಷ್ಟು ಹಿಂದೆಯೇ ತೀರ್ಮಾನವಾಗಿದೆ, ಇಷ್ಟರವರೆಗೆ ಕುಡಿದರೆ ಆರೋಗ್ಯಕ್ಕೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ನೇರವಾಗಿ ಹೇಳಿದೆ ಎಂಬುದು ಎಷ್ಟೋ ಮನೆಗಳಿಗೆ ಇನ್ನೂ ಮುಟ್ಟಿಲ್ಲ. ಹೃದಯಕ್ಕೆ ಒಳ್ಳೆಯದೆಂದು ರಾತ್ರಿ ಒಂದಿಷ್ಟು ಹಾಕಿಕೊಳ್ಳುವ ಹಿರಿಯರು ಇದನ್ನು ಕೇಳಿಸಿಕೊಳ್ಳಲಿ.

ಈಗಾಗಲೇ ದಿನವೂ ಕುಡಿಯುವವನಿಗೆ ಮಾತ್ರ ಇದರಿಂದ ಹೆಚ್ಚೇನೂ ಆಗುವುದಿಲ್ಲ. ಯಕೃತ್ತಿನ ಚಿತ್ರ ಅವನು ನೋಡದ್ದೇನಲ್ಲ. ಹೆದರಿಸಿ ಬಿಡಿಸಬಹುದು ಎನ್ನುವ ನಂಬಿಕೆಗೆ ಸಂಶೋಧನೆಯ ಬೆಂಬಲ ತೀರಾ ಕಡಿಮೆ. ಹೆದರಿದವನು ಹೆದರಿಕೆ ಕಳೆಯಲಿಕ್ಕೂ ಕುಡಿಯಬಲ್ಲ. ಇಂಥ ಕಾರ್ಯಕ್ರಮಗಳಲ್ಲೇ ಎರಡರ ನಡುವೆ ಆರಿಸಬೇಕಾಗಿ ಬಂದರೆ ಪ್ರತಿಜ್ಞೆ ಮಾಡಿಸುವುದನ್ನು ಬಿಟ್ಟು, ಹೆಸರು ಬರೆಯದ ಚೀಟಿಯಲ್ಲಿ ಪ್ರಶ್ನೆ ಕೇಳಲು ಡಬ್ಬಿ ಇಡುವುದನ್ನು ಆರಿಸಿ. ಡಬ್ಬಿ ತೆರೆದಾಗ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಹೆಂಗಸರ ಕೈಬರಹದಲ್ಲಿರುತ್ತವೆ.

ನಾಲ್ಕು ಭೇಟಿಯ ಮಾತುಕತೆ

ಉಪನ್ಯಾಸಕ್ಕೂ ಆಸ್ಪತ್ರೆಗೂ ನಡುವೆ ಇರುವ ಈ ಮೆಟ್ಟಿಲನ್ನು ಹೆಚ್ಚಿನವರು ಹಾರಿಬಿಡುತ್ತಾರೆ. ಆಡಿಟ್ ಅಂಕ ಹತ್ತರ ಮೇಲಿದ್ದು ಇಪ್ಪತ್ತು ಮುಟ್ಟದವರಿಗೆ, ಅಂದರೆ ಕೆಲಸಕ್ಕೆ ಹೋಗುತ್ತಾರೆ, ಮನೆ ನಡೆಸುತ್ತಾರೆ, ಆದರೆ ವಾರಕ್ಕೆ ನಾಲ್ಕು ದಿನ ಕುಡಿದು ಜಗಳವಾಡುತ್ತಾರೆ ಎಂಬಂಥವರಿಗೆ, ಸರಿಯಾಗಿ ಹೊಂದುವುದು ಒಬ್ಬರೇ ಸಮಾಲೋಚಕರ ಜೊತೆ ಕೆಲವು ಭೇಟಿ. ಇದಕ್ಕೆ ಒಳ್ಳೆಯ ಪುರಾವೆ ಪಕ್ಕದ ಗೋವಾದಿಂದಲೇ ಬಂದಿದೆ. ಅಲ್ಲಿಯ ಸಂಗಾತ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅಂಕ 12ರಿಂದ 19ರವರೆಗಿದ್ದ ಗಂಡಸರನ್ನು ಆರಿಸಿಕೊಂಡು, ಮನೋವೈದ್ಯರಲ್ಲದ, ಆದರೆ ತರಬೇತಾದ ಸಾಮಾನ್ಯ ಕಾರ್ಯಕರ್ತರಿಂದ ಗರಿಷ್ಠ ನಾಲ್ಕು ಭೇಟಿಯ ಸಮಾಲೋಚನೆ ಕೊಡಿಸಿದರು. ಮೂರು ತಿಂಗಳ ಬಳಿಕ ಅಪಾಯದ ಮಟ್ಟದಿಂದ ಕೆಳಗಿಳಿದವರು ಸಮಾಲೋಚನೆ ಪಡೆದ ಗುಂಪಿನಲ್ಲಿ ಶೇಕಡಾ 36, ಪಡೆಯದ ಗುಂಪಿನಲ್ಲಿ 26. ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪವಾಡವೇನಲ್ಲ, ಆದರೆ ನಾಲ್ಕು ಭೇಟಿಗೆ ಇದು ಸಣ್ಣ ಫಲವೂ ಅಲ್ಲ. ನೂರಕ್ಕೆ ನೂರು ಗುಣ ಎಂದು ಜಾಹೀರಾತು ಹಾಕುವವರನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ.

ಮುಂಬಯಿಯಲ್ಲಿ ಇಂಥ ಮಾತುಕತೆಗೆ ಅಗ್ಗದ ಬಾಗಿಲು ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳ ಮನೋವೈದ್ಯ ವಿಭಾಗ: ಪರೇಲಿನ ಕೆ.ಇ.ಎಂ., ಸಾಯನ್ ಆಸ್ಪತ್ರೆ, ಮುಂಬಯಿ ಸೆಂಟ್ರಲ್ಲಿನ ನಾಯರ್. ಕೇಸ್ ಪೇಪರಿನ ಖರ್ಚು ಅತ್ಯಲ್ಪ. ಕಾಯುವ ಸಾಲು ಉದ್ದ, ಬೆಳಗ್ಗೆಯೇ ಹೋಗಬೇಕು, ಪ್ರತಿ ಸಲ ಒಬ್ಬರೇ ಡಾಕ್ಟರು ಸಿಗುತ್ತಾರೆಂದು ಹೇಳಲಾಗದು. ಖಾಸಗಿಯಲ್ಲಿ ಸಾಲು ಚಿಕ್ಕದು, ಬಿಲ್ಲು ದೊಡ್ಡದು.

ಹೊರಗೆ ಕಾಲಿಡಲು ನಾಚಿಕೆಪಡುವವರಿಗೆ ಫೋನಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಇಡೀ ದಿನ, ಉಚಿತ, ಕನ್ನಡವೂ ಅದರ ಭಾಷೆಗಳಲ್ಲಿ ಒಂದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಎ.ಎ. ಸಭೆ

ಆಲ್ಕೊಹಾಲಿಕ್ಸ್ ಅನಾನಿಮಸ್ ತರಗತಿಯಲ್ಲ. ಪಾಠವಿಲ್ಲ, ಪರೀಕ್ಷೆಯಿಲ್ಲ, ಸರ್ಟಿಫಿಕೇಟಿಲ್ಲ, ಶುಲ್ಕವೂ ಇಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ವ್ಯವಹಾರದವನು ಇನ್ನೊಬ್ಬ ಶಸ್ತ್ರವೈದ್ಯ, ಪರಸ್ಪರರನ್ನು ಕುಡಿಯದಂತೆ ಕಾದುಕೊಂಡದ್ದರಿಂದ ಶುರುವಾದದ್ದು. ಸೇರಲು ಬೇಕಾದದ್ದು ಕುಡಿತ ಬಿಡುವ ಇಚ್ಛೆ, ಅಷ್ಟೇ. ಮುಂಬಯಿಯ ಉಪನಗರಗಳಲ್ಲೆಲ್ಲ ಇದರ ಗುಂಪುಗಳಿವೆ, ಹೆಚ್ಚಾಗಿ ಶಾಲೆ ಅಥವಾ ಚರ್ಚಿನ ಆವರಣದ ಬಾಡಿಗೆ ಕೋಣೆಗಳಲ್ಲಿ.

ಹೊಸಬರು ಮೊದಲು ಮುಕ್ತ ಸಭೆಗೆ ಹೋಗಲಿ. ಅಲ್ಲಿಗೆ ಮನೆಯವರೂ ಬರಬಹುದು; ಮುಚ್ಚಿದ ಸಭೆ ಕುಡಿತದ ತೊಂದರೆಯುಳ್ಳವರಿಗೆ ಮಾತ್ರ. ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಎ.ಎ.ಯ ಸೂತ್ರಗಳಾದ ಹನ್ನೆರಡು ಮೆಟ್ಟಿಲುಗಳ ಬ್ಯಾನರು, ಮೂಲೆಯಲ್ಲಿ ಚಹಾ. ಒಬ್ಬರು ಎದ್ದು ಬರಿಯ ಹೆಸರು ಹೇಳಿ, ತಾನೊಬ್ಬ ಕುಡುಕ ಎಂದು ಆರಂಭಿಸಿ, ತಮ್ಮ ಕಥೆ ಹೇಳುತ್ತಾರೆ. ಯಾರೂ ನಡುವೆ ಬಾಯಿಹಾಕುವುದಿಲ್ಲ, ಯಾರೂ ಉಪದೇಶಿಸುವುದಿಲ್ಲ. ಕೊನೆಗೆ ಕಾಣಿಕೆಯ ಚೀಲವೊಂದು ಕೈಯಿಂದ ಕೈಗೆ ಹೋಗುತ್ತದೆ, ಹಾಕಿದರೆ ಸರಿ, ಹಾಕದಿದ್ದರೂ ಸರಿ. ಮೊದಲ ಸಲ ಬಂದವನಿಗೆ ಯಾರಾದರೂ ಒಂದು ಫೋನ್ ನಂಬರು ಬರೆದುಕೊಟ್ಟು, "ಕುಡಿಯಬೇಕೆನಿಸಿದಾಗ ಕುಡಿಯುವ ಮೊದಲು ಕರೆ ಮಾಡಿ" ಎನ್ನುತ್ತಾರೆ. ಮರುವಾರ ವಿಚಾರಿಸುವವರು ಯಾರು ಎಂಬ ನನ್ನ ಪ್ರಶ್ನೆಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಉತ್ತರ ಕೊಡುವ ವ್ಯವಸ್ಥೆ ಇನ್ನೊಂದಿಲ್ಲ. ಇದು ಬರಿಯ ಭಾವನೆಯ ಮಾತಲ್ಲ. 2020ರಲ್ಲಿ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಜಾಲದಿಂದ ಬಂದ ಸಮೀಕ್ಷೆ ಇಪ್ಪತ್ತೇಳು ಅಧ್ಯಯನಗಳನ್ನು ಒಟ್ಟಿಗೆ ತೂಗಿ, ಪೂರ್ತಿ ಬಿಟ್ಟಿರುವ ವಿಷಯದಲ್ಲಿ ಎ.ಎ. ಮಾರ್ಗ ಉಳಿದ ಮಾನಸಿಕ ಚಿಕಿತ್ಸೆಗಳಿಗೆ ಸಮ ಅಥವಾ ಮೇಲು ಎಂದಿತು.

ಕೊರತೆಗಳೂ ಇವೆ. ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆ. ಅವರವರು ಅರ್ಥಮಾಡಿಕೊಂಡ ದೇವರು ಎನ್ನುತ್ತಾರಾದರೂ ಕೆಲವರಿಗೆ ಅದು ಒಗ್ಗುವುದಿಲ್ಲ. ವೈದ್ಯರಿರುವುದಿಲ್ಲ. ಸಭೆಗಳು ಸಾಮಾನ್ಯವಾಗಿ ಸಂಜೆ, ಹೋಟೆಲ್ ಕೆಲಸಗಾರನಿಗೆ ಅದೇ ಗಿರಾಕಿಯ ಹೊತ್ತು. ಅವನಿಗೆ ಬಿಡುವು ಮಧ್ಯಾಹ್ನ ಮೂರರಿಂದ ಆರು. ಹಗಲಿನ ಸಭೆ, ವಾರದ ರಜೆಯ ದಿನದ ಸಭೆ ಎಲ್ಲಿದೆ ಎಂದು ಕೇಳಿಯೇ ಕಳುಹಿಸಬೇಕು. ಇನ್ನು ಒಂದು ಗುಂಪು ಹಿಡಿಸಲಿಲ್ಲವೆಂದರೆ ಎ.ಎ.ಯೇ ಹಿಡಿಸಲಿಲ್ಲ ಎಂದುಕೊಳ್ಳಬಾರದು. ಮುಲುಂಡಿನ ಗುಂಪಿನ ಧಾಟಿ ಬೇರೆ, ಬಾಂದ್ರಾದ್ದು ಬೇರೆ.

ಭಾಷೆ ಮತ್ತು ಗುಟ್ಟು

ಇವೆರಡೂ ಮುಂಬಯಿ ಕನ್ನಡಿಗರಿಗೆ ಒಂದಕ್ಕೊಂದು ವಿರುದ್ಧವಾಗಿ ಎಳೆಯುತ್ತವೆ. ಮನೆಯಲ್ಲಿ ತುಳುವೋ ಕೊಂಕಣಿಯೋ, ಓದಿದ್ದು ಕನ್ನಡ, ಬೀದಿಯಲ್ಲಿ ಹಿಂದಿ, ಕಚೇರಿಯಲ್ಲಿ ಮರಾಠಿ. ಹಿಂದಿಯಲ್ಲಿ ಚೆನ್ನಾಗಿಯೇ ವ್ಯವಹರಿಸುವ ಮನುಷ್ಯ ಸಮಾಲೋಚಕರ ಮುಂದೆ "ಸಬ್ ಠೀಕ್ ಹೈ" ಎಂದು ಎರಡು ನಿಮಿಷದಲ್ಲಿ ಎದ್ದುಬಿಡಬಹುದು. ಅದೇ ಮನುಷ್ಯ ತನ್ನ ಭಾಷೆಯಲ್ಲಿ ಕೇಳಿದರೆ, ತಾಯಿಯ ತಿಥಿಯ ದಿನ ಕುಡಿದು ಊರಿನ ಮನೆಯಲ್ಲಿ ಬಿದ್ದದ್ದನ್ನು ಹೇಳಿ ಅತ್ತಾನು. ಆದ್ದರಿಂದ ತನ್ನ ಭಾಷೆಯ ಸಮಾಲೋಚಕರು ಸಿಕ್ಕರೆ ದೂರವಾದರೂ ಹೋಗುವುದು ಒಳ್ಳೆಯದು.

ಆದರೆ ತನ್ನ ಭಾಷೆಯವರೆಂದರೆ ತನ್ನವರ ಪರಿಚಯದವರೂ ಹೌದು. ಸಂಘದ ಭವನದಲ್ಲಿ ನಡೆಯುವ ತರಗತಿಗೆ ಹೋದರೆ, ಕುರ್ಲಾದಿಂದ ಹೊರಟ ಮತ್ಸ್ಯಗಂಧ ರೈಲು ಮಂಗಳೂರು ಮುಟ್ಟುವ ಮೊದಲೇ ಸುದ್ದಿ ಊರು ಮುಟ್ಟಿರುತ್ತದೆ. ಮದುವೆಗೆ ಬಂದ ತಂಗಿಯಿರುವ ಮನೆಯವರು ಇದಕ್ಕೆ ಹೆದರುವುದರಲ್ಲಿ ತಪ್ಪೇನೂ ಕಾಣುವುದಿಲ್ಲ. ನನ್ನ ಸಲಹೆ: ಮೊದಲ ಮಾತು ಫೋನಿನಲ್ಲಿ ಕನ್ನಡದಲ್ಲಿ ಆಗಲಿ, ಗುಂಪಿನಲ್ಲಿ ಕೂರುವುದು ಬೇರೆ ಉಪನಗರದಲ್ಲಿ, ಹಿಂದಿಯಲ್ಲಾದರೂ ಸರಿ. ಗುಂಪಿನಲ್ಲಿ ಕೇಳುವುದೇ ಹೆಚ್ಚು, ಹೇಳುವುದು ನಿಧಾನಕ್ಕೆ ಬರುತ್ತದೆ.

ಮಾಲಕರು ಹಣ ಕಟ್ಟಿ ಕೆಲಸಗಾರನನ್ನು ಕಳುಹಿಸುವಾಗ ಗುಟ್ಟಿನ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಅವನು ಬಂದನೇ ಇಲ್ಲವೇ ಎಂಬುದನ್ನು ತಿಳಿಯುವ ಹಕ್ಕು ಹಣ ಕೊಟ್ಟವರಿಗೆ ಇರಲಿ. ಅಲ್ಲಿ ಏನು ಹೇಳಿದ ಎಂಬುದು ಬೇಡ. ಇದನ್ನು ಮೊದಲೇ ಮೂವರೂ ಕೂತು ಮಾತಾಡಿಕೊಳ್ಳಬೇಕು. ಗಲ್ಲಾಪೆಟ್ಟಿಗೆಯಿಂದ ಕದ್ದದ್ದನ್ನು ಸಮಾಲೋಚಕರಿಗೆ ಹೇಳಿದರೆ ಅದು ಸಂಜೆಯೊಳಗೆ ಸೇಟ್‌ಗೆ ತಿಳಿಯುತ್ತದೆ ಎಂದಾದರೆ ಯಾವ ಭಟ್ಟರು ಬಾಯಿ ಬಿಟ್ಟಾರು?

ಕೈ ನಡುಗುವವರಿಗೆ ತರಗತಿಯಲ್ಲ, ವೈದ್ಯರು

ಬೆಳಗ್ಗೆ ಕೈ ನಡುಗುವುದು, ಬೆವರು, ಒಂದು ನೈಂಟಿ (90 ಮಿಲಿ) ಬಿದ್ದರೆ ಎಲ್ಲ ಸರಿಹೋಗುವುದು: ಇವು ಕಂಡರೆ ಶರೀರ ಮದ್ಯಕ್ಕೆ ಒಗ್ಗಿಹೋಗಿದೆ ಎಂದು ತಿಳಿಯಿರಿ. ಇಂಥವರಿಂದ "ಇವತ್ತಿನಿಂದ ಮುಟ್ಟುವುದಿಲ್ಲ" ಎಂದು ಒಮ್ಮೆಗೇ ನಿಲ್ಲಿಸಿಬಿಡುವ ಪ್ರತಿಜ್ಞೆ ಮಾಡಿಸುವುದು ಅಪಾಯ. ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ನಡುಕ, ವಾಂತಿ ಶುರುವಾಗುತ್ತದೆ. ಎರಡು ದಿನದೊಳಗೆ ಅಪಸ್ಮಾರದಂತೆ ಸೆಳವು ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ, ಇಲ್ಲದ ಹುಳುಗಳು ಮೈಮೇಲೆ ಕಾಣುತ್ತವೆ, ಗುರುತು ಸಿಗುವುದಿಲ್ಲ. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೇ ಸಂಚಕಾರ. ವೈದ್ಯರು ನಿದ್ರೆಯ ಗುಂಪಿನ ಔಷಧಿಗಳನ್ನು ಲೆಕ್ಕದಂತೆ ಕೊಟ್ಟು ಇಳಿಸುತ್ತ ಬರುತ್ತಾರೆ, ಜೊತೆಗೆ ಬಿ1 ಜೀವಸತ್ವ. ಅದಾದ ಮೇಲೆ ತರಗತಿ. ಕುಡಿತದ ವರ್ಷಗಳೆಷ್ಟು, ಹಿಂದೆ ನಿಲ್ಲಿಸಿದಾಗ ಏನಾಯಿತು ಎಂದು ಕೇಳದೆ ಯಾರನ್ನೂ ಸೇರಿಸಿಕೊಳ್ಳುವ ಕಡೆಗೆ ಇಂಥವರನ್ನು ಕಳುಹಿಸಲೇಬೇಡಿ.

ಲೋಕಲ್ ಗಾಡಿಯ ಡಬ್ಬಿಗಳಲ್ಲಿ ಅಂಟಿಸಿದ ಚೀಟಿಗಳ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕುಡಿಯುವವನಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡುವ ಪುಡಿ ಎಂದು ಅವು ಸಾರುತ್ತವೆ. ಅಂಥ ಪುಡಿಯಲ್ಲಿ ಏನಿದೆಯೆಂದು ಕೊಳ್ಳುವವರಿಗೆ ತಿಳಿಯುವುದಿಲ್ಲ. ಡೈಸಲ್ಫಿರಾಂ ಎಂಬ ನಿಜವಾದ ಔಷಧಿ ಇದೆ. ಅದನ್ನು ಸೇವಿಸಿದವನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಒಪ್ಪಿ, ತಿಳಿದು ತೆಗೆದುಕೊಳ್ಳುವವನಿಗೆ ವೈದ್ಯರ ಕಣ್ಗಾವಲಿನಲ್ಲಿ ಅದು ಕಾವಲು. ಗುಟ್ಟಾಗಿ ಬೆರೆಸಿದರೆ, ಹೃದಯ ದುರ್ಬಲವಿದ್ದವನು ಬಾರಿನ ಮೇಜಿನ ಮೇಲೇ ಸಾಯಬಹುದು.

ವಾಸದ ಕೇಂದ್ರಗಳು

ಮುಂಬಯಿ ಪುಣೆಯವರಿಗೆ ಎರಡು ಹೆಸರುಗಳು ಹಳೆಯವು. ಪಾದ್ರಿ ಜೋ ಪೆರೇರಾ 1981ರಲ್ಲಿ ಬಾಂದ್ರಾದಲ್ಲಿ ಕಟ್ಟಿದ ಕೃಪಾ ಫೌಂಡೇಶನ್. ಹನ್ನೆರಡು ಮೆಟ್ಟಿಲುಗಳ ಜೊತೆಗೆ ಯೋಗವನ್ನು ಸೇರಿಸಿಕೊಂಡದ್ದು ಅದರ ವಿಶೇಷ. ಅವರಿಗೆ ಯೋಗ ಕಲಿಸಿದ ಗುರು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಬಿ.ಕೆ.ಎಸ್. ಅಯ್ಯಂಗಾರ್. ಇನ್ನೊಂದು, ಡಾ. ಅನಿಲ್ ಅವಚಟ್ ಮತ್ತು ಡಾ. ಸುನಂದಾ ಅವಚಟ್ ದಂಪತಿ 1986ರಲ್ಲಿ ಪುಣೆಯ ಯೇರವಡಾದಲ್ಲಿ, ಮರಾಠಿ ಸಾಹಿತಿ ಪು. ಲ. ದೇಶಪಾಂಡೆಯವರ ನೆರವಿನೊಂದಿಗೆ ಆರಂಭಿಸಿದ ಮುಕ್ತಾಂಗಣ. ಅಲ್ಲಿಯ ವಾಸ ಒಂದು ತಿಂಗಳಿಗೂ ಮೇಲ್ಪಟ್ಟದ್ದು, ವಾತಾವರಣ ಮರಾಠಿಯದು. ಹೆಂಡತಿಯರಿಗೆ ಬೇರೆ ಗುಂಪು, ಬಿಡುಗಡೆಯಾದವರಿಗೆ ಮುಂದಿನ ಭೇಟಿಗಳು ಅದರ ಪದ್ಧತಿಯ ಭಾಗ. ಮರಾಠಿ ನೀರು ಕುಡಿದಷ್ಟು ಸುಲಭವಾಗಿ ಬರುವ ಮುಂಬಯಿ ಹುಟ್ಟಿನ ಕನ್ನಡಿಗನಿಗೆ ನಾನು ಇದನ್ನೇ ಹೇಳುತ್ತೇನೆ. ಊರಿನಿಂದ ಇತ್ತೀಚೆಗೆ ಬಂದವನು ಅಲ್ಲಿ ಒಂಟಿಯಾಗಬಹುದು.

ಬೇರೆ ಕೇಂದ್ರಗಳು ಬೇಕಾದಷ್ಟಿವೆ, ಎಲ್ಲವೂ ಒಂದೇ ತೂಕದವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯನ್ನೂ ತನ್ನ ವ್ಯಾಪ್ತಿಗೆ ತಂದಿದೆ. ರೋಗಿಗಳನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಸಂಸ್ಥೆ ನೋಂದಣಿಯಾಗಿರಬೇಕು. ನೋಂದಣಿ ಪತ್ರವನ್ನು ಕೇಳಿ ನೋಡಿ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಸಂಕೋಲೆ ಹಾಕುವಂತಿಲ್ಲ, ಸ್ವಂತ ಬಟ್ಟೆ ತೊಡುವುದನ್ನು ತಡೆಯುವಂತಿಲ್ಲ ಎಂದು ಕಾಯಿದೆಯೇ ಹೇಳುತ್ತದೆ. "ನೀವು ವಿಳಾಸ ಕೊಡಿ ಸಾಕು, ರಾತ್ರಿ ನಮ್ಮ ಹುಡುಗರು ಗಾಡಿ ತಂದು ಎತ್ತಿಕೊಂಡು ಹೋಗುತ್ತಾರೆ" ಎನ್ನುವವರ ಬಳಿ ಮುಂದೆ ಮಾತು ಬೆಳೆಸಬೇಡಿ. ಮೊದಲ ತಿಂಗಳು ಮನೆಯವರು ನೋಡಲೇಬಾರದು ಎನ್ನುವವರನ್ನು ಕಾರಣ ಕೇಳಿ. ರಾತ್ರಿ ಹೊತ್ತು ವೈದ್ಯರು ಯಾರು, ಯಾವ ಆಸ್ಪತ್ರೆಗೆ ಒಯ್ಯುತ್ತಾರೆ, ಒಟ್ಟು ಖರ್ಚು ಬರಹದಲ್ಲಿ ಕೊಡುತ್ತಾರೆಯೇ ಎಂಬಷ್ಟಕ್ಕೆ ನೇರ ಉತ್ತರ ಸಿಗದಿದ್ದರೆ ಹೊರಟುಬನ್ನಿ.

ಊರಿಗೆ ಕಳುಹಿಸಿಬಿಡುವುದು ಎಷ್ಟೋ ಮನೆಗಳ ಮೊದಲ ಯೋಚನೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳು ಕರಾವಳಿಯವರಿಗೆಲ್ಲ ಗೊತ್ತು. ಸುಮಾರು ಎಂಟು ದಿನ ಊರವರ ನಡುವೆಯೇ ಇದ್ದು, ಭಜನೆ, ಯೋಗ, ಸಲಹೆ, ಕೊನೆಯಲ್ಲಿ ಮನೆಯವರ ಸಮ್ಮುಖದಲ್ಲಿ ಸಂಕಲ್ಪ. ನಂತರ ಊರಿನ ನವಜೀವನ ಸಮಿತಿ ಬಿಟ್ಟವರನ್ನು ಒಟ್ಟಿಗಿಡುತ್ತದೆ. ಭಾಷೆಯ ತೊಡಕಿಲ್ಲ, ಖರ್ಚಿನ ಭಾರವಿಲ್ಲ. ಊರಿನಲ್ಲೇ ಉಳಿಯುವವನಿಗೆ ಇದಕ್ಕಿಂತ ಹೊಂದುವುದು ಕಡಿಮೆ. ಆದರೆ ಶಿಬಿರ ಮುಗಿಸಿ ಹತ್ತನೆಯ ದಿನ ಮತ್ತೆ ಸಾಕಿನಾಕಾದ ಬಾರಿನ ಕೌಂಟರಿಗೇ ಬಂದು ನಿಲ್ಲುವವನಿಗೆ ಆ ಸಮಿತಿ ಊರಿನಲ್ಲೇ ಉಳಿಯುತ್ತದೆ, ಬಾಟಲಿ ಎದುರಿಗಿರುತ್ತದೆ. ಅಂಥವನನ್ನು ಕಳುಹಿಸುವುದಾದರೆ, ಅವನು ಹೊರಡುವ ಮೊದಲೇ ಇಲ್ಲಿಯ ಒಂದು ಎ.ಎ. ಗುಂಪನ್ನೋ ಆಸ್ಪತ್ರೆಯ ಮುಂದಿನ ಭೇಟಿಯ ದಿನವನ್ನೋ ಗೊತ್ತುಮಾಡಿಡಿ. ಸಾಧ್ಯವಾದರೆ ಕೌಂಟರಿನಿಂದ ಅಡುಗೆಮನೆಗೋ, ಬಾರ್ ಇಲ್ಲದ ಉಡುಪಿ ಹೋಟೆಲಿಗೋ ಕೆಲಸ ಬದಲಿಸಿಕೊಡಿ. ಇದನ್ನು ಮಾಡಿಕೊಟ್ಟ ಮಾಲಕರು ಇದ್ದಾರೆ. ಮಾಡಿಕೊಡದೆ ಭಾಷಣ ಮಾಡುವವರು ಅವರಿಗಿಂತ ಹೆಚ್ಚು.

ಅವನು ಬರುವುದಿಲ್ಲ ಎಂದರೆ

ಅರ್ಧಕ್ಕಿಂತ ಹೆಚ್ಚು ಸಲ ಆಗುವುದು ಇದೇ. ಎಲ್ಲ ಹೋಲಿಸಿ, ವಿಳಾಸ ಬರೆದುಕೊಂಡು ಹೋದರೆ, "ನಾನೇನು ಕುಡುಕನೇ?" ಎಂದು ಅವನು ಮುಖ ತಿರುಗಿಸುತ್ತಾನೆ. ಆಗ ತರಗತಿ ಬೇಕಾಗುವುದು ಮನೆಯವರಿಗೆ. 1951ರಲ್ಲಿ ಎ.ಎ. ಸ್ಥಾಪಕರಲ್ಲಿ ಒಬ್ಬರ ಹೆಂಡತಿಯೇ ಇನ್ನೊಬ್ಬ ಗೆಳತಿಯ ಜೊತೆ ಸೇರಿ ಕಟ್ಟಿದ ಅಲ್-ಅನಾನ್ ಇರುವುದು ಇದಕ್ಕೇ. ಮುಂಬಯಿಯಲ್ಲಿ ಇದರ ಗುಂಪುಗಳೂ ಇವೆ, ಶುಲ್ಕವಿಲ್ಲ. ಅವನನ್ನು ಬಿಡಿಸುವ ಉಪಾಯ ಅಲ್ಲಿ ಹೇಳಿಕೊಡುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು, ಇಲ್ಲದಿದ್ದರೆ ಮೊದಲ ಸಭೆಯಲ್ಲೇ ಬೇಸರವಾಗುತ್ತದೆ. ಅವನ ಪರವಾಗಿ ಕಚೇರಿಗೆ ಜ್ವರವೆಂದು ಫೋನ್ ಮಾಡುವುದು, ಬಾರಿನ ಸಾಲ ತೀರಿಸುವುದು, ಬಾಟಲಿ ಅಡಗಿಸುವುದು, ಮತ್ತೆ ಹುಡುಕುವುದು ಇವನ್ನೆಲ್ಲ ಒಂದೊಂದಾಗಿ ನಿಲ್ಲಿಸುವುದು ಹೇಗೆ ಎಂದು ಅದನ್ನೇ ಮಾಡಿ ದಣಿದ ಬೇರೆ ಹೆಂಗಸರು ಹೇಳುತ್ತಾರೆ. ಹೊಡೆತ ಬಡಿತವಿದ್ದರೆ ಮಾತ್ರ ಸಭೆಗಿಂತ ಮೊದಲು 181ಕ್ಕೆ, ಮಹಿಳಾ ಸಹಾಯವಾಣಿಗೆ ಕರೆ ಮಾಡಬೇಕು. ಅಲ್-ಅನಾನ್ ಸಭೆಗೆ ಹೋಗಲು ಗಂಡನ ಒಪ್ಪಿಗೆ ಬೇಕಿಲ್ಲ, ಅವನಿಗೆ ಹೇಳಬೇಕಾದ ಅಗತ್ಯವೂ ಇಲ್ಲ.